ಮುಟ್ಟಿನ ಬ್ಲೀಡಿಂಗ್ ವಿಪರೀತ ಆಗಿದೆ, ಡಾಕ್ಟರ್ ಹತ್ರ ಯಾವಾಗ ಹೋಗಬೇಕು?

ಬೆಳ್ಳಿಮೋಡ:

ನನಗೆ 43 ವರ್ಷ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಹೈಸ್ಕೂಲಿನಲ್ಲಿದ್ದಾಳೆ. ಮೊದಲೆಲ್ಲ ನನ್ನ ಮುಟ್ಟು ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಕಳೆದ ವರ್ಷದಿಂದ ಹಾಗಿಲ್ಲ. ಎರಡನೇ ದಿನ, ಮೂರನೇ ದಿನ ಎಷ್ಟು ದೊಡ್ಡ ಪ್ಯಾಡ್ ಹಾಕಿಕೊಂಡರೂ ಒಂದೂವರೆ ಗಂಟೆಗೆ ತೊಯ್ದುಹೋಗುತ್ತದೆ. ರಾತ್ರಿ ಎರಡು ಪ್ಯಾಡ್ ಒಟ್ಟಿಗೆ ಹಾಕಿಕೊಂಡು, ಕೆಳಗೆ ಹಳೇ ಟವೆಲ್ ಮಡಚಿ ಹಾಸಿಕೊಂಡು, ನಡುರಾತ್ರಿಗೆ ಅಲಾರಂ ಇಟ್ಟು ಮಲಗುತ್ತೇನೆ. ಕೂತಲ್ಲಿಂದ ಎದ್ದ ಕೂಡಲೇ ದಬಕ್ಕನೆ ಇಳಿಯುತ್ತದಲ್ಲ, ಆ ಭಯಕ್ಕೆ ಮೀಟಿಂಗ್ ಮುಗಿದರೂ ಎಲ್ಲರೂ ಹೊರಗೆ ಹೋಗಲಿ ಅಂತ ಕುರ್ಚಿಯಲ್ಲೇ ಕಾಯುತ್ತೇನೆ. ತಿಳಿ ಬಣ್ಣದ ಬಟ್ಟೆ ಹಾಕಿ ಎಷ್ಟೋ ಕಾಲವಾಯಿತು. ಹೆಪ್ಪುಗಟ್ಟಿ ಗಡ್ಡೆಗಡ್ಡೆಯಾಗಿಯೂ ಬೀಳುತ್ತದೆ, ಕೆಲವು ಹೆಬ್ಬೆರಳ ತುದಿಗಿಂತ ದೊಡ್ಡವು.

ಎಂಟು ದಿನವಾದರೂ ಪೂರ್ತಿ ನಿಲ್ಲುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಕೂದಲು ಉದುರುತ್ತಿದೆ.

ಅಮ್ಮನಿಗೆ ಹೇಳಿದರೆ, "ಈ ವಯಸ್ಸಿಗೆ ಎಲ್ಲರಿಗೂ ಹೀಗೇನೇ. ನಿಲ್ಲೋ ಮುಂಚೆ ಜೋರಾಗಿ ಹೋಗತ್ತೆ, ಆಮೇಲೆ ತಾನಾಗೇ ನಿಲ್ಲತ್ತೆ" ಅಂತಾರೆ. ಈಚೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 12.1 ಇತ್ತು, ನಾರ್ಮಲ್ ಅಂದರು. ಹಾಗಾದರೆ ಇದನ್ನು ಸಹಿಸಿಕೊಂಡು ಹೋಗಬಹುದಾ? ಹೋದರೆ ನೇರ ಗರ್ಭಕೋಶ ತೆಗೆಸಿ ಅಂದುಬಿಡುತ್ತಾರೇನೋ ಅನ್ನುವ ಭಯವೂ ಇದೆ. ಗೊತ್ತಿರುವವರು ಹೇಳಿ.

ವಾರ್ಡ್ ಸಿಸ್ಟರ್:

ಬೆಳ್ಳಿಮೋಡ ಅವರೇ, ನಾನು ಸ್ತ್ರೀರೋಗ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ನೇರವಾಗಿ ಹೇಳುತ್ತೇನೆ. ಸಹಿಸಿಕೊಂಡು ಹೋಗುವ ವಿಷಯ ಅಲ್ಲ ಇದು. ಈ ವಾರವೇ ತೋರಿಸಿ.

ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಒಟ್ಟು ಹೋಗುವ ರಕ್ತ 30ರಿಂದ 40 ಮಿಲಿಲೀಟರ್ ಅಷ್ಟೇ. 80 ದಾಟಿದರೆ ಹೆಚ್ಚು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಆದರೆ ಮನೆಯಲ್ಲಿ ಯಾರು ಅಳೆಯುತ್ತಾರೆ? ಅದಕ್ಕೇ ಈಗ ಡಾಕ್ಟರುಗಳು ಅಳತೆ ಕೇಳುವುದಿಲ್ಲ, ನಿಮ್ಮ ದಿನ ಹೇಗೆ ಕಳೆಯುತ್ತದೆ ಅಂತ ಕೇಳುತ್ತಾರೆ. ರಾತ್ರಿ ಅಲಾರಂ ಇಟ್ಟು ಏಳುವುದು, ಎರಡೆರಡು ಪ್ಯಾಡ್, ಕುರ್ಚಿ ಬಿಟ್ಟು ಏಳಲು ಹೆದರುವುದು, ಏಳು ದಿನ ದಾಟುವುದು, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ರಕ್ತದ ಗಡ್ಡೆ. ಇವುಗಳಲ್ಲಿ ಒಂದು ಇದ್ದರೂ ಸಾಕು ತೋರಿಸಲು. ನಿಮಗೆ ಹೆಚ್ಚುಕಡಿಮೆ ಎಲ್ಲವೂ ಇವೆ.

ಇನ್ನು, ಅಪಾಯಿಂಟ್‌ಮೆಂಟ್ ಅಂತ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕಾದ ಸಂದರ್ಭಗಳು ಬೇರೆ. ಗಂಟೆಗೆ ಎರಡು ಪ್ಯಾಡ್ ತೊಯ್ದು, ಅದು ಸತತ ಎರಡು ಗಂಟೆ ಹಾಗೇ ಮುಂದುವರಿದರೆ ಹೊರಡಿ. ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ, ಎದೆ ನೋವು ಬಂದರೆ, ಸುಮ್ಮನೆ ಕೂತಿದ್ದರೂ ಎದೆ ಡವಡವ ಅಂದರೆ ಹೊರಡಿ. ಗರ್ಭಿಣಿ ಇರಬಹುದು ಅನ್ನುವ ಅನುಮಾನ ಸ್ವಲ್ಪವಿದ್ದರೂ ಅಷ್ಟೇ, ತಡ ಮಾಡಬೇಡಿ. ಅಂಥ ಹೊತ್ತಿನಲ್ಲಿ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ.

12.1 ಅನ್ನುವ ಆ ನಂಬರನ್ನು ನಂಬಿ ಕೂರಬೇಡಿ. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ನೀವು ಗೆರೆಯ ಅಂಚಿನಲ್ಲೇ ಇದ್ದೀರಿ. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ. 80 ಹೋದರೆ 40 ಮಿಲಿಗ್ರಾಂ. ದೇಹ ಆಹಾರದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ, ಅದರಲ್ಲೂ ಅರ್ಧಕ್ಕರ್ಧ ದಿನನಿತ್ಯದ ಸವೆತಕ್ಕೇ ಹೋಗುತ್ತದೆ. ಬಂದದ್ದಕ್ಕಿಂತ ಹೋದದ್ದು ಜಾಸ್ತಿಯಾದಾಗ ದೇಹ ಮೊದಲು ಕೂಡಿಟ್ಟ ಕಬ್ಬಿಣಾಂಶವನ್ನು ಖರ್ಚು ಮಾಡುತ್ತದೆ. ಅದು ಬರಿದಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು. ಆ ಕೂಡಿಟ್ಟದ್ದು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ ಫೆರಿಟಿನ್. 15ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಅರ್ಥ. 30ಕ್ಕಿಂತ ಕೆಳಗಿದ್ದರೂ ಅನೇಕ ಡಾಕ್ಟರುಗಳು ಚಿಕಿತ್ಸೆ ಶುರು ಮಾಡುತ್ತಾರೆ. ಏದುಸಿರು, ಸುಸ್ತು, ಕೂದಲು ಉದುರುವುದು ಎಲ್ಲ ಫೆರಿಟಿನ್ ಇಳಿದಾಗಲೂ ಕಾಣಿಸಿಕೊಳ್ಳಬಹುದು, ಹಿಮೋಗ್ಲೋಬಿನ್ ನಾರ್ಮಲ್ ಇದ್ದರೂ ಸಹ. ಮರೆಯದೆ ಕೇಳಿ ಮಾಡಿಸಿ.

ಅಮ್ಮನ ಮಾತು ಪೂರ್ತಿ ಸುಳ್ಳಲ್ಲ. ನಲವತ್ತು ದಾಟಿದ ಮೇಲೆ ಕೆಲವು ತಿಂಗಳು ಅಂಡಾಣು ಬಿಡುಗಡೆಯೇ ಆಗುವುದಿಲ್ಲ. ಆಗ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಇರುವುದಿಲ್ಲ, ಈಸ್ಟ್ರೋಜನ್ ಹಾರ್ಮೋನ್ ಒಂದೇ ಕೆಲಸ ಮಾಡಿ ಗರ್ಭಕೋಶದ ಒಳಪದರ ದಪ್ಪಗಾಗುತ್ತ ಹೋಗುತ್ತದೆ. ಕೊನೆಗೆ ಕಳಚಿಕೊಳ್ಳುವಾಗ ಜೋರಾಗಿ ಹೋಗುತ್ತದೆ. ಆದರೆ ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ), ಪಾಲಿಪ್ (ಒಳಪದರದಲ್ಲಿ ಮೂಡುವ ಸಣ್ಣ ಬೆಳವಣಿಗೆ), ಅಡಿನೋಮಯೋಸಿಸ್ (ಒಳಪದರದಂಥ ಅಂಗಾಂಶ ಗೋಡೆಯೊಳಗೆ ಬೆಳೆಯುವುದು) ಇವೆಲ್ಲ ತೊಂದರೆ ಕೊಡುವುದೂ ಇದೇ ವಯಸ್ಸಿನಲ್ಲಿ. ಅಪರೂಪಕ್ಕೆ ಒಳಪದರದ ಕ್ಯಾನ್ಸರ್ ಕೂಡ. ಥೈರಾಯ್ಡ್, ಕಾಪರ್-ಟಿ, ರಕ್ತ ತೆಳುವಾಗಿಸುವ ಮಾತ್ರೆ ಕೂಡ ಕಾರಣ ಇರಬಹುದು. ಉಳಿದವೆಲ್ಲ ಇಲ್ಲ ಅಂತ ನೋಡಿದ ಮೇಲೆ ವಯಸ್ಸಿನದು ಅನ್ನಬೇಕೇ ಹೊರತು ನೋಡುವ ಮುಂಚೆ ಅಲ್ಲ. ವರ್ಷಗಟ್ಟಲೆ ನರಳಿ, ಹಿಮೋಗ್ಲೋಬಿನ್ ಐದಕ್ಕೆ ಇಳಿದ ಮೇಲೆ ಸ್ಟ್ರೆಚರಿನಲ್ಲಿ ಬಂದವರಿಗೆ ರಕ್ತ ಏರಿಸಿದ್ದೇನೆ. ಅವರ ಕೈಯಲ್ಲಿ ಸೂಜಿ ಚುಚ್ಚಲು ನರ ಹುಡುಕುವಾಗೆಲ್ಲ ಒಂದೇ ಯೋಚನೆ, ಇವರನ್ನು ಮುಂಚೆಯೇ ಯಾರಾದರೂ ಕರೆದುಕೊಂಡು ಬಂದಿದ್ದರೆ.

ನಿಮ್ಮ ಅಮ್ಮನಿಗೂ ಒಂದು ಮಾತು ಹೇಳಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ಕಲೆ ಕಂಡರೂ ತೋರಿಸಲೇಬೇಕು.

ಮುಂಜಾವು:

ಗರ್ಭಕೋಶದ ಭಯದ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ನನಗೆ 38 ಇದ್ದಾಗ ಇದೇ ಕಥೆ. ಮೊದಲು ತೋರಿಸಿದ ಕಡೆ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಎರಡೇ ನಿಮಿಷದಲ್ಲಿ, ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ ಅಂದರು. ಬೇರೆ ಯಾವ ದಾರಿಯನ್ನೂ ಹೇಳಲಿಲ್ಲ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಎರಡನೇ ಅಭಿಪ್ರಾಯಕ್ಕೆ ಬೇರೆ ಗೈನಕಾಲಜಿಸ್ಟ್ ಹತ್ರ ಹೋದೆ. ಅವರು ಒಂದು ಹಾಳೆಯ ಮೇಲೆ ಗರ್ಭಕೋಶದ ಚಿತ್ರ ಬಿಡಿಸಿ, ಫೈಬ್ರಾಯ್ಡ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ ಅಂದರು. ಹೊರಗೋಡೆಯ ಮೇಲೆ ಕೂತಿರುವ ದೊಡ್ಡ ಗಡ್ಡೆ ಬ್ಲೀಡಿಂಗ್ ಜಾಸ್ತಿ ಮಾಡದೇ ಇರಬಹುದು. ನನ್ನದು ಎರಡೇ ಸೆಂಟಿಮೀಟರ್, ಆದರೆ ಒಳಕುಹರಕ್ಕೆ ಚಾಚಿಕೊಂಡಿತ್ತು. ಹಿಸ್ಟರೋಸ್ಕೋಪಿ ಅಂತ, ಯೋನಿಯ ಮೂಲಕವೇ ಸಣ್ಣ ದುರ್ಬೀನು ಹಾಕಿ ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆದರು. ಹೊಟ್ಟೆಯ ಮೇಲೆ ಒಂದು ಗೆರೆಯೂ ಇಲ್ಲ. ಮರುದಿನ ಮನೆಯಲ್ಲಿ ಓಡಾಡಿಕೊಂಡಿದ್ದೆ.

ಎಲ್ಲರಿಗೂ ಇದೇ ಆಗುತ್ತದೆ ಅಂತಲ್ಲ. ಕೆಲವರಿಗೆ ಗರ್ಭಕೋಶ ತೆಗೆಸುವುದೇ ಸರಿಯಾದ ಪರಿಹಾರ ಆಗಿರುತ್ತದೆ, ತೆಗೆಸಿಕೊಂಡು ನೆಮ್ಮದಿಯಾಗಿರುವವರನ್ನೂ ನೋಡಿದ್ದೇನೆ. ಆದರೆ ಬೇರೆ ಏನೇನು ಮಾಡಬಹುದು ಅಂತ ಕೇಳಿ, ಉತ್ತರ ಬರುವ ತನಕ ಏಳಬೇಡಿ.

ಬೆಳ್ಳಿಮೋಡ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬುಧವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ. ಡಾಕ್ಟರ್ ಮುಂದೆ ಕೂತಾಗ ಮಾತೇ ಹೊರಡುವುದಿಲ್ಲ ನನಗೆ. ಏನು ಬರೆದುಕೊಂಡು ಹೋಗಲಿ?

ವಾರ್ಡ್ ಸಿಸ್ಟರ್:

ಕಳೆದ ಮೂರು ತಿಂಗಳ ಶುರುವಾದ ದಿನ, ನಿಂತ ದಿನ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ. ಮನೆಯಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇದೆಯಾ ಅನ್ನುವುದು. ನಡುವೆ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಾಣಿಸುತ್ತದೆಯಾ ಅನ್ನುವುದು. ಇದನ್ನು ಹೇಳಲು ಸಂಕೋಚ ಬೇಡ, ಅವರಿಗೆ ಅದು ಬಹಳ ಮುಖ್ಯ.

ಪ್ಯಾಡಿನ ಲೆಕ್ಕಕ್ಕೆ 1990ರಿಂದ ಒಂದು ಸುಲಭದ ಚಾರ್ಟ್ ಬಳಕೆಯಲ್ಲಿದೆ. ಬದಲಿಸಿದ ಪ್ಯಾಡಿನ ಮೇಲೆ ಬರೀ ಕಲೆ ಇದ್ದರೆ 1 ಅಂಕ, ಮಧ್ಯಮ ಇದ್ದರೆ 5, ಪೂರ್ತಿ ತೊಯ್ದಿದ್ದರೆ 20. ಸಣ್ಣ ರಕ್ತದ ಗಡ್ಡೆಗೆ 1, ದೊಡ್ಡದಕ್ಕೆ 5. ಮುಟ್ಟು ಮುಗಿದ ಮೇಲೆ ಕೂಡಿ. 100 ದಾಟಿದರೆ ಬ್ಲೀಡಿಂಗ್ ಹೆಚ್ಚು ಅಂತ. ಫೋನಿನಲ್ಲೇ ಬರೆದಿಟ್ಟುಕೊಳ್ಳಬಹುದು. ನಿಮ್ಮ ಎರಡನೇ ದಿನವೊಂದೇ 100 ದಾಟುತ್ತದೆ ಅಂತ ನನಗನಿಸುತ್ತದೆ. ಚಾರ್ಟ್ ತುಂಬಿಸಲು ಮುಂದಿನ ಮುಟ್ಟಿನ ತನಕ ಕಾಯಬೇಡಿ ಮತ್ತೆ, ಬುಧವಾರ ಹೋಗಿಬನ್ನಿ.

ಚಿಗುರು:

ಬೆಳ್ಳಿಮೋಡ ಅವರೇ, ನಿಮಗೆ ಹೈಸ್ಕೂಲಿನ ಮಗಳಿದ್ದಾಳೆ ಅಂದಿರಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಮೊದಲ ಮುಟ್ಟಿನಿಂದಲೇ ವಿಪರೀತ. ಶಾಲೆಯಿಂದ ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡು ಬರುತ್ತಿದ್ದಳು. ಶುರುವಿನಲ್ಲಿ ಹೀಗೇ, ಆಮೇಲೆ ಸರಿಹೋಗುತ್ತದೆ ಅಂದವರೇ ಎಲ್ಲ. ಒಬ್ಬ ಡಾಕ್ಟರ್ ಮಾತ್ರ ಮುಟ್ಟಿನ ವಿಷಯ ಬಿಟ್ಟು ಬೇರೆ ಕೇಳಿದರು. ಮೂಗಿನಲ್ಲಿ ರಕ್ತ ಬರುತ್ತದಾ? ಹಲ್ಲುಜ್ಜುವಾಗ ಒಸಡಿನಲ್ಲಿ? ಸಣ್ಣಪುಟ್ಟದಕ್ಕೆ ತಗುಲಿದರೂ ಮೈ ಮೇಲೆ ಹಸಿರು ನೀಲಿ ಕಲೆ ಆಗುತ್ತದಾ? ಎಲ್ಲದಕ್ಕೂ ಹೌದು. ಹಾಲುಹಲ್ಲು ಕಿತ್ತಾಗ ರಾತ್ರಿಯಿಡೀ ಹತ್ತಿ ಒತ್ತಿಹಿಡಿದು ಕೂತದ್ದು ಆಗ ನೆನಪಾಯಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್ ಅವಳಲ್ಲಿ ಕಡಿಮೆ ಇತ್ತು. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಅಂತ ಹೆಸರು. 1926ರಲ್ಲಿ ಫಿನ್ಲೆಂಡಿನ ಡಾಕ್ಟರ್ ಎರಿಕ್ ವಾನ್ ವಿಲ್ಲೆಬ್ರಾಂಡ್ ಇದನ್ನು ಮೊದಲು ವಿವರಿಸಿದ್ದು ಓಲಂಡ್ ದ್ವೀಪಗಳ ಒಂದು ಕುಟುಂಬವನ್ನು ನೋಡಿ. ಅವರು ಪರೀಕ್ಷೆ ಮಾಡಿದ ಪುಟ್ಟ ಹುಡುಗಿ ಮುಂದೆ 13ನೇ ವಯಸ್ಸಿನಲ್ಲಿ, ನಾಲ್ಕನೇ ಮುಟ್ಟಿನ ರಕ್ತಸ್ರಾವ ನಿಲ್ಲದೆ ತೀರಿಕೊಂಡಳು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಈಗ ಔಷಧ ಇದೆ, ನನ್ನ ಮಗಳು ಆಟಕ್ಕೂ ಹೋಗುತ್ತಾಳೆ.

ಹೆಚ್ಚಿನವರಲ್ಲಿ ಇದು ಮನೆತನದಲ್ಲಿ ಬರುವ ಕಾಯಿಲೆ. ನನ್ನನ್ನೂ ಪರೀಕ್ಷೆ ಮಾಡಿದರು, ನನಗೂ ಇದೆ! ಮಗಳು ಏನಾದರೂ ಇಂಥ ಲಕ್ಷಣ ಹೇಳಿದರೆ ಸುಮ್ನೆ ಬಿಡಬೇಡಿ. ಇನ್ನೊಂದು, ಇಂಥ ಅನುಮಾನ ಇರುವವರು ಹೊಟ್ಟೆನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಥರದ ಮಾತ್ರೆ ತಾವಾಗೇ ನುಂಗಬಾರದು, ರಕ್ತ ಇನ್ನೂ ಜಾಸ್ತಿ ಹೋಗುತ್ತದೆ.

ಬೆಳ್ಳಿಮೋಡ:

ಎಲ್ಲ ಪರೀಕ್ಷೆ ಮುಗಿಯಿತು, ಹೇಳಲು ಬಂದೆ. ಫೆರಿಟಿನ್ 7! ಹಿಮೋಗ್ಲೋಬಿನ್ ಈ ನಡುವೆ 11.2ಕ್ಕೆ ಇಳಿದಿದೆ. ಥೈರಾಯ್ಡ್ ಸರಿಯಿದೆ. ಸ್ಕ್ಯಾನಿಂಗಿನಲ್ಲಿ ಅಡಿನೋಮಯೋಸಿಸ್ ಅಂತ ಬಂತು. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಸ್ನಾಯುವಿನ ಗೋಡೆಯೊಳಗೇ ಬೆಳೆದು ಗೋಡೆ ಊದಿಕೊಂಡಿದೆಯಂತೆ. ಒಳಪದರದ ಸಣ್ಣ ಚೂರು ತೆಗೆದು ಬಯಾಪ್ಸಿಗೂ ಕಳಿಸಿದ್ದರು, ಅದರಲ್ಲಿ ಏನೂ ಇಲ್ಲ. ಆ ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರಿಗೂ ಊಟ ಸೇರಿರಲಿಲ್ಲ.

ಗರ್ಭಕೋಶ ತೆಗೆಸುವ ಮಾತೇ ಬರಲಿಲ್ಲ. ಈಗ ಕಬ್ಬಿಣಾಂಶದ ಮಾತ್ರೆ, ಮುಟ್ಟಿನ ದಿನಗಳಿಗೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಕೊಟ್ಟಿದ್ದಾರೆ. ಇದರಲ್ಲಿ ತೃಪ್ತಿಯಾಗದಿದ್ದರೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್ ಹಾಕೋಣ ಅಂದಿದ್ದಾರೆ. ಸಿಸ್ಟರ್, ಕೇಳಲು ಮರೆತ ಒಂದು ವಿಷಯ. ನನಗೆ ಮೊದಲ ದಿನ ಬರೀ ಕಲೆ ಕಾಣಿಸುತ್ತದೆ. ಟ್ರಾನೆಕ್ಸಾಮಿಕ್ ಮಾತ್ರೆ ಅವತ್ತೇ ಶುರು ಮಾಡಬೇಕಾ?

ವಾರ್ಡ್ ಸಿಸ್ಟರ್:

ಬಯಾಪ್ಸಿ ಸರಿಯಿದೆ ಅಂತ ಓದಿ ನನಗೂ ಹಗುರವಾಯಿತು.

ಸಾಮಾನ್ಯವಾಗಿ ಬ್ಲೀಡಿಂಗ್ ಜೋರಾದಾಗ ಶುರು ಮಾಡಿ ಅನ್ನುತ್ತಾರೆ, ಕಲೆ ಕಂಡ ಕೂಡಲೇ ಅಲ್ಲ. ಹೆಚ್ಚಾಗಿ ದಿನಕ್ಕೆ ಮೂರು ಸಲ, ನಾಲ್ಕೈದು ದಿನ ಮೀರದಂತೆ. ನಿಮ್ಮ ಚೀಟಿಯಲ್ಲಿ ಬೇರೆ ಥರ ಬರೆದಿದ್ದರೆ ಅದೇ ಕೊನೆ ಮಾತು, ಫೋನ್ ಮಾಡಿ ಕೇಳಿಬಿಡಿ. ಇದು ಹಾರ್ಮೋನ್ ಅಲ್ಲ. ಕಟ್ಟಿದ ಹೆಪ್ಪು ಬೇಗ ಕರಗಿಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಹೆಚ್ಚುಕಡಿಮೆ ಅರ್ಧದಷ್ಟು ಬ್ಲೀಡಿಂಗ್ ಕಡಿಮೆಯಾಗುವವರೂ ಇದ್ದಾರೆ. ಜಪಾನಿನ ಉಟಾಕೊ ಒಕಾಮೊಟೊ ಅನ್ನುವ ಡಾಕ್ಟರಮ್ಮ ತಮ್ಮ ಗಂಡನ ಜೊತೆ ಸೇರಿ 1962ರಲ್ಲಿ ಪ್ರಕಟಿಸಿದ ಔಷಧ ಇದು. ಆಕೆ ಹುಡುಕುತ್ತಿದ್ದದ್ದು ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಮದ್ದು. ಆ ತಾಯಿಯನ್ನು ನೆನೆಯದೆ ನಾನು ಈ ಮಾತ್ರೆ ಯಾರ ಕೈಗೂ ಕೊಟ್ಟಿಲ್ಲ.

ಮೊದಲು ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳದೆ ಒಂದು ಮಾತ್ರೆಯನ್ನೂ ನುಂಗಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ದಿಢೀರ್ ಉಸಿರುಗಟ್ಟಿದ ಹಾಗಾದರೆ, ಕಣ್ಣು ಮಂಜಾದರೆ ನಿಲ್ಲಿಸಿ ತಕ್ಷಣ ಹೋಗಿ.

ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಹೊಟ್ಟೆ ಕಟ್ಟಿಕೊಂಡರೆ ಬಿಟ್ಟುಬಿಡಬೇಡಿ, ಬೇರೆ ಬಗೆಯದು ಬರೆದುಕೊಡುತ್ತಾರೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ, ಕೂಡಿಟ್ಟದ್ದು ತುಂಬಬೇಕಲ್ಲ. ಮುಂದೆ ಕಾಯಿಲ್ ಹಾಕಿಸಿಕೊಂಡರೆ ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಲೆ ಕಾಣಿಸುತ್ತದೆ. ಬೇಡ ಅಂತ ತೆಗೆಸಿಬಿಡುವವರು ಹೆಚ್ಚಾಗಿ ಆ ಅವಧಿಯಲ್ಲೇ ತೆಗೆಸುತ್ತಾರೆ. ಅದು ಕಳೆದ ಮೇಲೆ ಬಹಳ ಮಂದಿಗೆ ಬ್ಲೀಡಿಂಗ್ ಹೆಸರಿಗೆ ಮಾತ್ರ ಇರುತ್ತದೆ.