ಕುರಿಮರಿ ಕುರಿಯಾಗುವ ಕಾಲ

"ಇದು ಕ್ಷಯದ ಕವಿತೆ," ಅಂತ ಡಾಕ್ಟರ್ ತೀರ್ಪು ಕೊಟ್ಟಾಗ ಮೇಷ್ಟ್ರು ಇನ್ನೂ ಎರಡನೇ ಸಾಲಿನಲ್ಲಿದ್ದರು.

ಕವಿತೆ ಇಂಗ್ಲಿಷ್ ಕವಿ ಜಾನ್ ಕೀಟ್ಸ್‌ನ 'ಟು ಆಟಮ್', ಅಂದರೆ 'ಶರತ್ಕಾಲಕ್ಕೆ'. ಓದುತ್ತಿದ್ದವರು ಮೇಷ್ಟ್ರು. ಕೇಳಿಸಿಕೊಳ್ಳುತ್ತೇವೆ ಅಂತ ಮಾತು ಕೊಟ್ಟವರು ಡಾಕ್ಟರ್, ಲಾಯರ್, ಆಡಿಟರ್ ಮತ್ತು ನಾನು.

"ಇಪ್ಪತ್ತೈದಕ್ಕೇ ರೋಮ್‌ನಲ್ಲಿ ಕ್ಷಯದಿಂದ ಸತ್ತ, 1821ರಲ್ಲಿ. ವೈದ್ಯಕೀಯ ಓದಿದವನು ಬೇರೆ. ಶರತ್ಕಾಲ ಅಂದರೆ ಅವನಿಗೆ ಸಾವು, ಇನ್ನೇನು?" ಅಂದ ಡಾಕ್ಟರ್.

"ಆಕ್ಷೇಪಣೆ!" ಅಂದ ಲಾಯರ್. "ಮೇಷ್ಟ್ರೇ, ಬರೆದ ತಾರೀಖು ಹೇಳಿ."

"1819ರ ಸೆಪ್ಟೆಂಬರ್ 19. ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ. ಭಾನುವಾರ ಸುತ್ತಾಡಿ ಬಂದು ಬರೆದದ್ದು."

"ರಕ್ತ ಕೆಮ್ಮಿದ್ದು ಯಾವಾಗ?"

"ಮುಂದಿನ ವರ್ಷ ಫೆಬ್ರವರಿಯಲ್ಲಿ."

"ನೋಡಯ್ಯಾ, ರೋಗ ಕಾಣಿಸುವ ಮೊದಲೇ ರಿಪೋರ್ಟ್ ಬರೆದಿದ್ದೀಯ."

ಡಾಕ್ಟರ್ ಬಿಡಲಿಲ್ಲ. ಕವಿಯ ತಮ್ಮ ಟಾಮ್ ಹಿಂದಿನ ವರ್ಷ ಇದೇ ರೋಗದಿಂದ ಹೋಗಿದ್ದನ್ನು ಎತ್ತಿದ. ಅದು ನಿಜ. ಆದರೆ ನಾನು ಈ ಸಲ ಲಾಯರ್ ಕಡೆಗಿದ್ದೆ, ಇಂಥದ್ದು ಅಪರೂಪ. ಕವಿಯ ಜಾತಕ ಕೈಗೆ ಸಿಕ್ಕರೆ ನಾವು ಕವಿತೆ ಓದುವುದನ್ನೇ ಬಿಡುತ್ತೇವೆ. ಮೂವತ್ಮೂರು ಸಾಲಿನಲ್ಲಿ ಒಂದು ಕಡೆಯೂ ಅವನು 'ನಾನು' ಅಂದಿಲ್ಲ.

"ಮೂವತ್ಮೂರಾ?" ಆಡಿಟರ್ ಎಚ್ಚರವಾದ. "ಚರಣ ಮೂರು. ಅಂದರೆ ತಲಾ ಹನ್ನೊಂದು. ಇದೆಂಥಾ ಲೆಕ್ಕ?"

ಮೇಷ್ಟ್ರಿಗೆ ಖುಷಿಯಾಯಿತು. ಕೋಗಿಲೆಯಂಥ ನೈಟಿಂಗೇಲ್ ಹಕ್ಕಿಯ ಮೇಲೆ, ಗ್ರೀಕ್ ಕಲಶದ ಮೇಲೆ ಕೀಟ್ಸ್ ಬರೆದ ಕವಿತೆಗಳಲ್ಲಿ ಚರಣಕ್ಕೆ ಹತ್ತೇ ಸಾಲು. ಇಲ್ಲಿ ಒಂಬತ್ತು ಮತ್ತು ಹತ್ತನೇ ಸಾಲು ಪ್ರಾಸದಲ್ಲಿ ಜೋಡಿಯಾಗುತ್ತವೆ. ಮುಗೀತು ಅಂದುಕೊಂಡರೆ ಇನ್ನೊಂದು ಸಾಲು ಬರುತ್ತದೆ. ಹೊರಡೋಕೆ ಮನಸ್ಸಿಲ್ಲದ ಕಾಲಕ್ಕೆ ಸರಿಯಾದ ಅಳತೆ.

ಮೊದಲ ಚರಣದಲ್ಲಿ ಎಲ್ಲ ಮಾಗುವ ಕೆಲಸ. ಸೇಬಿನ ಭಾರಕ್ಕೆ ಪಾಚಿ ಹಿಡಿದ ಮರ ಬಾಗಿದೆ, ಸೋರೆ ಊದಿಕೊಂಡಿದೆ, ಜೇನುಗೂಡು ತುಂಬಿ ಹೊರಸೂಸುತ್ತಿದೆ. ಬೆಚ್ಚಗಿನ ದಿನ ಮುಗಿಯುವುದೇ ಇಲ್ಲ ಅಂತ ಜೇನುಹುಳ ನಂಬಿಕೊಂಡಿದೆ, ಪಾಪ. ಇಷ್ಟೆಲ್ಲಾ ಒಂದೇ ಉಸಿರಿನಲ್ಲಿ. ಪ್ರಧಾನ ಕ್ರಿಯಾಪದ ಕೊನೆಗೂ ಬರುವುದಿಲ್ಲ. "ನಮ್ಮ ಕರಾರುಪತ್ರದ ಹಾಗೇ ಇದೆ," ಅಂದ ಲಾಯರ್, ಮೆಚ್ಚುಗೆಯಿಂದ.

ಎರಡನೆಯದರಲ್ಲಿ ಶರತ್ಕಾಲ ಮನುಷ್ಯರೂಪ ತಾಳಿ ಕಣಜದ ನೆಲದ ಮೇಲೆ ಕೂತಿದೆ. ತೂರುವ ಗಾಳಿಗೆ ಕೂದಲು ಹಾರುತ್ತಿದೆ. ಆಮೇಲೆ ಅರ್ಧ ಕೊಯ್ದ ಸಾಲಿನಲ್ಲೇ ಗಸಗಸೆ ಹೂವಿನ ಘಾಟಿಗೆ ಮಲಗಿಬಿಟ್ಟಿದೆ. ಕುಡುಗೋಲು ಪಕ್ಕದಲ್ಲಿ. ಮುಂದಿನ ಪೈರೂ ಅದಕ್ಕೆ ಸುತ್ತಿಕೊಂಡ ಹೂವೂ ಸದ್ಯಕ್ಕೆ ಬಚಾವು.

"ಕೆಲಸದ ಹೊತ್ತಲ್ಲಿ ನಿದ್ದೆ, ಅದೂ ಅಮಲಿನಲ್ಲಿ," ಅಂದ ಲಾಯರ್. "ಕೂಡಲೇ ಅಮಾನತು."

"ಆಮೇಲೆ ಸೇಬಿನ ಗಾಣದ ಹತ್ತಿರ ಗಂಟೆಗಟ್ಟಲೆ ಕೂತು ಕೊನೇ ಹನಿ ಸೋರುವುದನ್ನು ನೋಡುತ್ತೆ," ಅಂದರು ಮೇಷ್ಟ್ರು.

"ಇವನಿಗೆ ಸಂಬಳ ಯಾರು ಕೊಡ್ತಾರೆ?" ಅಂದ ಆಡಿಟರ್.

ಮೂರನೇ ಚರಣಕ್ಕೆ ಡಾಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟ. "ಸಿಕ್ತು! ಮೆಲ್ಲಗೆ ಸಾಯುವ ಹಗಲು! ಗೋಳಾಡುವ ನುಸಿಗಳು! ಈಗೇನಂತೀರಿ?"

ಒಪ್ಪಬೇಕಾಯಿತು, ಸಾವು ಇದೆ. ಆದರೆ ಮೇಷ್ಟ್ರು ಅದೇ ಸಾಲನ್ನು ಮತ್ತೆ ಓದಿದರು. ಆ ಸಾಯುವ ಹಗಲಿಗೆ ಮೋಡ ಹೂವಿನ ಬಣ್ಣ ಬಳಿಯುತ್ತಿದೆ, ಕೊಯ್ದು ಬರಿದಾದ ಕೂಳೆ ಹೊಲವೂ ಕೆಂಪೇರಿದೆ. ಎರಡು ದಿನ ಬಿಟ್ಟು ಗೆಳೆಯ ರೆನಾಲ್ಡ್ಸ್‌ಗೆ ಬರೆದ ಕಾಗದದಲ್ಲೂ ಕೀಟ್ಸ್ ಇದನ್ನೇ ಹೇಳುತ್ತಾನೆ: ವಸಂತದ ಚಳಿಚಳಿ ಹಸಿರಿಗಿಂತ ಈ ಕೂಳೆ ಹೊಲವೇ ಚೆಂದ, ನೋಡೋಕೆ ಬೆಚ್ಚಗಿದೆ. ವಸಂತದ ಹಾಡು ಎಲ್ಲಿ ಅಂತ ಕವಿತೆ ಕೇಳುತ್ತೆ. ಅದರ ಚಿಂತೆ ಬೇಡ, ನಿನಗೂ ನಿನ್ನ ಸಂಗೀತ ಇದೆಯಲ್ಲ ಅಂತ ತಾನೇ ಉತ್ತರಿಸುತ್ತೆ.

ಮುಂದೆಲ್ಲ ಬರೀ ಸದ್ದು. ಬೇಲಿಯಲ್ಲಿ ಮಿಡತೆ, ತೋಟದಲ್ಲಿ ರಾಬಿನ್ ಹಕ್ಕಿ, ಆಕಾಶದಲ್ಲಿ ಗುಂಪುಗೂಡುವ ಕವಲುತೋಕೆಗಳು. ಅವು ಆಫ್ರಿಕಾಕ್ಕೆ ಹೊರಟಿವೆ. ಕೀಟ್ಸ್ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ರಾಬಿನ್ ಮಾತ್ರ ಅಲ್ಲೇ ಉಳಿದು ಚಳಿಗಾಲದಲ್ಲೂ ಹಾಡುತ್ತದೆ.

"ಅರ್ಧ ಸಾವು, ಅರ್ಧ ಬದುಕು. ರಾಜಿ ಮಾಡ್ಕೊಳ್ಳೋಣ," ಅಂದ ಲಾಯರ್.

ಡಾಕ್ಟರ್ ಇನ್ನೇನು ಒಪ್ಪಬೇಕು, ಆಡಿಟರ್ ಕೈ ಎತ್ತಿದ. "ಒಂದು ನಿಮಿಷ. 'ಪೂರ್ತಿ ಬೆಳೆದ ಕುರಿಮರಿ' ಅಂತ ಬರೆದಿದ್ದಾನೆ. ಪೂರ್ತಿ ಬೆಳೆದರೆ ಅದು ಕುರಿ ಅಲ್ವಾ?"

"ವಸಂತದಲ್ಲಿ ಹುಟ್ಟಿದ ಮರಿ ಮಾರಾಯ, ಹೆಸರು ಆಗಿನದು, ಮೈ ಈಗಿನದು. ಇಡೀ ವರ್ಷ ಆ ಎರಡು ಪದದಲ್ಲಿದೆ," ಅಂದರು ಮೇಷ್ಟ್ರು.

"ಅದೆಲ್ಲ ಸರಿ ಮೇಷ್ಟ್ರೇ, ಲೆಕ್ಕಕ್ಕೆ ಯಾವ ಕಾಲಮ್ಮಿನಲ್ಲಿ ಬರ್ಕೊಳ್ಳಲಿ?"