ಆಶ್ರಯ ಕೇಂದ್ರಕ್ಕೆ ಬರೋದಿಲ್ಲ ಅನ್ನುವ ಅಜ್ಜನಿಗೆ ಏನು ಹೇಳಲಿ?

ಕಾರವಾರದಿಂದ ಪ್ರಶ್ನೆ:
ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಚಾ ಅಂಗಡಿ. ಎರಡು ಮಳೆಗಾಲದಿಂದ ಒಬ್ಬ ಅಜ್ಜ ಪಕ್ಕದ ಮುಚ್ಚಿದ ಅಂಗಡಿಯ ಜಗಲಿ ಮೇಲೆ ಮಲಗುತ್ತಾರೆ. ಜೊತೆಗೊಂದು ಗೋಣಿಚೀಲ. ಅದರ ಬಾಯಿಗೆ ಕಟ್ಟಿದ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೇ ನಿದ್ದೆ. ಮೊನ್ನೆ ಗಾಳಿಮಳೆಗೆ ಪೂರ್ತಿ ನೆನೆದಿದ್ದರು. ಆಶ್ರಯ ಕೇಂದ್ರಕ್ಕೆ ಕರೆದುಕೊಂಡು ಹೋಗ್ತೇನೆ ಅಂದೆ. "ನಾನೇನು ಭಿಕ್ಷುಕನಾ?" ಅಂದವರು ಎರಡು ದಿನ ಇತ್ತ ತಲೆ ಹಾಕಲಿಲ್ಲ. ಬಿಟ್ಟಿ ಚಾ ಕೂಡ ಕುಡಿಯುವವರಲ್ಲ. ಚಿಲ್ಲರೆ ಎಣಿಸಿ ಇಟ್ಟೇ ಹೋಗುತ್ತಾರೆ. ಒತ್ತಾಯ ಮಾಡಬೇಕಾ, ಸುಮ್ನಿರಬೇಕಾ?

ಅಂಕೋಲಾದಿಂದ:
ಅಣ್ಣಾ, ಒತ್ತಾಯ ಮಾತ್ರ ಬೇಡ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆಯಲ್ಲ, ಅದರಡಿ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಹಾಕಬಹುದು. ಬೀದಿಯಲ್ಲಿ ಮಲಗುವವರಿಗೆ ಹಾಗೆ ಹಿಡಿದೊಯ್ಯುವ ಗಾಡಿಯ ಹೆದರಿಕೆ ಜಾಸ್ತಿ. 2013ರ ನಗರ ಜೀವನೋಪಾಯ ಅಭಿಯಾನದಲ್ಲಿ ಬಂದ ವಸತಿರಹಿತರ ಆಶ್ರಯ ಕೇಂದ್ರ ಬೇರೆ. ಅಲ್ಲಿ ಹಿಡಿದಿಡುವುದಿಲ್ಲ. ಆದರೆ ಕೇಳುವ ಕಿವಿಗೆ ಎರಡೂ ಒಂದೇ, ಅಲ್ವಾ?

ದೊಡ್ಡ ಊರಿನ ಇಂಥ ಕೇಂದ್ರವೊಂದರಲ್ಲಿ ನಾಲ್ಕು ವರ್ಷ ಇದ್ದೆ. ಬಾಗಿಲಲ್ಲೇ ರಿಜಿಸ್ಟರ್ ಹಿಡಿದು ಹೆಸರು, ಊರು, ಆಧಾರ್ ಕೇಳುತ್ತಿದ್ದೆವು. ಮಕ್ಕಳು ಎಲ್ಲಿದ್ದಾರೆ ಅಂತ ಕೇಳಿದಾಗ ಎದ್ದು ಹೋದವರನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬರ ಚೀಲ ಒಳಗೇ ಕಳುವಾಯಿತು. ಅವರು ಮತ್ತೆ ಬರಲೇ ಇಲ್ಲ. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ. ಆಮೇಲೆ ಮೊದಲು ಊಟ, ಪ್ರಶ್ನೆ ನಾಳೆ ಅಂತ ಮಾಡಿಕೊಂಡೆವು.

ಶಿರಸಿಯಿಂದ, ನರ್ಸ್:
ಚೀಲದ ವಿಷಯ ಮೊದಲು ನೋಡಿ. ಆಸ್ಪತ್ರೆಗೆ ಬಂದಾಗಲೂ ಇಂಥವರು ಗಾಯ ತೋರಿಸುವ ಮೊದಲು ಚೀಲ ಎಲ್ಲಿಡಲಿ ಅಂತಾರೆ. ಅಜ್ಜ ಊಟ ಮಾಡುವುದನ್ನೇ ಬಿಟ್ಟರೆ, ಒಬ್ಬರೇ ಮಾತಾಡಿಕೊಳ್ಳುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಏನು ಮಾಡಬೇಕು ಅಂತ ಕೇಳಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಬೇಡ ಅಂದದ್ದೆಲ್ಲ ಕಾಯಿಲೆ ಅಲ್ಲ. ಚಿಲ್ಲರೆ ಎಣಿಸಿ ಕೊಡುವವರಿಗೆ ಮರ್ಯಾದೆ ದೊಡ್ಡದು.

ಕಾರವಾರದಿಂದ, ಮತ್ತೆ:
ಅಂಗಡಿಯೊಳಗೆ ಹಳೇ ಟ್ರಂಕ್ ಇಟ್ಟು ಕೀಲಿ ಅಜ್ಜನಿಗೇ ಕೊಟ್ಟೆ. ಚೀಲ ಇಡಲಿಲ್ಲ. ಕೀಲಿ ಮಾತ್ರ ಜೇಬಿಗೆ ಹಾಕಿಕೊಂಡರು. ಇವತ್ತು ಚಾ ಕುಡಿಯುತ್ತಾ, "ಅಲ್ಲಿ ರಾತ್ರಿ ಹೊರಗಿಂದ ಚಿಲಕ ಹಾಕ್ತಾರಾ?" ಅಂತ ಕೇಳಿದರು. ತಾವಾಗಿ ಕೇಳಿದ್ದು ಇದೇ ಮೊದಲು.

ಅಂಕೋಲಾದಿಂದ:
ನಾವು ಹಾಕುತ್ತಿರಲಿಲ್ಲ. ಆದರೆ ಬಾಯಿಮಾತಲ್ಲಿ ಹೇಳಬೇಡಿ. ಹಗಲಲ್ಲಿ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ನೋಡಿ ಬರೋಣ ಅನ್ನಿ, ಹೇಳಿದ ಹಾಗೇ ವಾಪಸ್ ಕರೆದುಕೊಂಡು ಬನ್ನಿ.