ಹಳೇ ಕಂಪ್ಯೂಟರ್‌ನಲ್ಲಿ ಓಎಸ್ (ಆಪರೇಟಿಂಗ್ ಸಿಸ್ಟಂ) ಟೆಸ್ಟಿಂಗ್: ಮಾಡಿದೋರು ಅನುಭವ ಹೇಳ್ರಿ

ಕೇಳಿದ್ದು: ಬಿಸಿಎ ವಿದ್ಯಾರ್ಥಿ, ನಿಟ್ಟುವಳ್ಳಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಂಡಿಪೇಟೆ ಅಂಗಡಿಯಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿದ್ದ ಪೆಂಟಿಯಂ 4 ಡೆಸ್ಕ್‌ಟಾಪ್ (1 ಜಿಬಿ ರ‍್ಯಾಮ್) ಮತ್ತು ಆಟಂ ಎನ್270 ಪ್ರೊಸೆಸರ್ ಇರೋ ಪುಟ್ಟ ನೆಟ್‌ಬುಕ್ಕನ್ನ ಚಿಕ್ಕಪ್ಪ ಗುಜರಿಗೆ ಹಾಕೋ ಬದಲು ನಂಗೆ ಕೊಟ್ಟಿದ್ದಾರೆ. ಲಿನಕ್ಸ್ ಥರದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಓಎಸ್‌ಗಳನ್ನ ಬಿಡುಗಡೆಗೆ ಮುಂಚೆ ಇಂಥ ಮಷಿನ್‌ನಲ್ಲಿ ಓಡಿಸಿ ನೋಡೋಕೆ ಸ್ವಯಂಸೇವಕರು ಬೇಕಾಗ್ತಾರಂತೆ. ಕೋಡ್ ಬರೆಯೋದು ನಂಗೆ ಅಷ್ಟಕ್ಕಷ್ಟೇ. ಯಾವುದು ಹಾಕಲಿ, ಎಲ್ಲಿಂದ ಶುರು ಮಾಡಲಿ?

ಸರ್ವಿಸ್ ಅಂಗಡಿಯವ, ಅಶೋಕ ರಸ್ತೆ

ತಮ್ಮಾ, ಓಎಸ್ ಆಮೇಲೆ, ಮೊದಲು ಸ್ಕ್ರೂಡ್ರೈವರ್ ತಗೋ. ಇಪ್ಪತ್ತು ವರ್ಷದ ಮಷಿನ್ ಹ್ಯಾಂಗ್ ಆದ್ರೆ ತಪ್ಪು ಕರ್ನಲ್‌ದೋ (ಓಎಸ್‌ನ ತಿರುಳು) ಬೋರ್ಡಿಂದೋ ಅಂತ ನಿಂಗೆ ಗೊತ್ತಿರಬೇಕು.

ನಾನೇ ಇದ್ರಲ್ಲಿ ಬಿದ್ದು ಎದ್ದಿದೀನಿ. ಮಂಡಕ್ಕಿ ಭಟ್ಟಿಯಿಂದ ಒಂದು ಸಿಸ್ಟಂ ಬಂದಿತ್ತು. ಸೈಡ್ ಪ್ಯಾನೆಲ್ ತೆಗೆದ್ರೆ ಒಳಗೆಲ್ಲ ಹೊಟ್ಟಿನ ಪುಡಿ, ಮಸಿ. ಹೀಟ್‌ಸಿಂಕ್‌ನ ಸಂದಿಗಳು ಕಂಬಳಿ ಹೊದಿಸಿದಂಗೆ ಮುಚ್ಚಿಹೋಗಿದ್ವು. ಬ್ಲೋವರ್ ಹೊಡೆದು ಡೆಬಿಯನ್ ಟೆಸ್ಟಿಂಗ್ (ಡೆಬಿಯನ್ ಅನ್ನೋ ಲಿನಕ್ಸ್‌ನ ಬಿಡುಗಡೆಗೆ ಮುಂಚಿನ ಆವೃತ್ತಿ) ಹಾಕಿದೆ. ದೊಡ್ಡ ಫೈಲ್ ಬಿಚ್ಚಿದಾಗೆಲ್ಲ ಕರ್ನಲ್ ಪ್ಯಾನಿಕ್, ಅಂದ್ರೆ ಓಎಸ್ ಪೂರ್ತಿ ನಿಂತೇಬಿಡೋದು. ಫೈಲ್ ಸಿಸ್ಟಂ ಬಗ್ ಹಿಡಿದೆ ಅಂತ ಹಿಗ್ಗಿ ಹೀರೇಕಾಯಿ ಆಗಿ ರಿಪೋರ್ಟ್ ಹಾಕಿದೆ. ಡೆವಲಪರ್ ಒಬ್ಬರು ಎರಡು ದಿನ ನನ್ನ ಲಾಗ್ ಓದಿ ಒಂದೇ ಮಾತು ಕೇಳಿದ್ರು: ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷಿಸೋ ಪ್ರೋಗ್ರಾಂ) ಹಾಕಿದೀರಾ? ಹಾಕಿದೆ. ಟೀ ಕುಡಿದು ಬರೋ ಹೊತ್ತಿಗೆ ಪರದೆ ತುಂಬ ಕೆಂಪು ಸಾಲು. ರ‍್ಯಾಮ್ ಹೋಗಿತ್ತು. ಕ್ಷಮೆ ಕೇಳಿ ರಿಪೋರ್ಟ್ ಮುಚ್ಚಿಸಿದೆ.

ಹಂಗಾಗಿ ಮೆಮ್‌ಟೆಸ್ಟ್86 ಪ್ಲಸ್ ಒಂದು ರಾತ್ರಿ ಪೂರ್ತಿ ಓಡಲಿ. ರ‍್ಯಾಮ್‌ನ ಚಿನ್ನದ ಬಣ್ಣದ ಪಟ್ಟಿಗಳನ್ನ ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಕೂರಿಸು. ಕೆಪಾಸಿಟರ್‌ಗಳ ತಲೆ ಚಪ್ಪಟೆ ಇರಬೇಕು. ಪೂರಿ ಥರ ಉಬ್ಬಿದ್ರೆ ಆ ಬೋರ್ಡ್ ಟೆಸ್ಟಿಂಗ್‌ಗೆ ಬರಲ್ಲ. 2000ದ ನಂತರದ ಏಳೆಂಟು ವರ್ಷದ ಬೋರ್ಡ್‌ಗಳಲ್ಲಿ ಈ ರೋಗ ಜಾಸ್ತಿ. ಇನ್ನೊಂದು, ಬೋರ್ಡ್ ಮೇಲಿರೋ ಬಿಲ್ಲೆಯಂಥ ಸಿಆರ್2032 ಸೆಲ್ ಹೊಸದು ಹಾಕು. ಯಾಕೆ ಅಂತ ಈಗ ಹೇಳಲ್ಲ, ನೀನೇ ಬಂದು ಕೇಳ್ತೀಯ.

ಉಪನ್ಯಾಸಕ, ಚಿತ್ರದುರ್ಗ

ಮೇಲಿನವರ ಮಾತಿಗೆ ನನ್ನದೂ ಸಹಿ. ಯಾವ ಓಎಸ್ ಅನ್ನೋದರ ಬಗ್ಗೆ ಮಾತ್ರ ನಾನು ಬರೀತೀನಿ.

ನಿಮ್ಮ ಎನ್270 2008ರ ಚಿಪ್, ಬರೀ 32-ಬಿಟ್ (ಹಳೇ ಬಗೆ; ಈಗಿನ ಪಿಸಿಗಳು 64-ಬಿಟ್). ಪೆಂಟಿಯಂ 4ರಲ್ಲಿ ಕೊನೆಕೊನೆಗೆ ಬಂದ ಕೆಲವು 64-ಬಿಟ್ ಇವೆ, ಆದ್ದರಿಂದ ಯಾವುದಾದರೂ ಲೈವ್ ಡಿಸ್ಕ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಓಎಸ್) ಹಾಕಿ ‘ಎಲ್‌ಎಸ್‌ಸಿಪಿಯು’ ಕಮಾಂಡ್ ಕೊಟ್ಟು ನೋಡಿ. ಇದು ಮುಖ್ಯ, ಏಕೆಂದರೆ 32-ಬಿಟ್ ಪಿಸಿಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಉಬುಂಟು 2017ರಲ್ಲೇ 32-ಬಿಟ್ ಡೆಸ್ಕ್‌ಟಾಪ್ ಇಮೇಜ್ ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಫ್ರೀಬಿಎಸ್‌ಡಿ 15 ಕೂಡ ಅದೇ ದಾರಿ ಹಿಡಿಯಿತು. ಲಿನಕ್ಸ್‌ಗೆ 32-ಬಿಟ್ ಫೈರ್‌ಫಾಕ್ಸ್ 144ಕ್ಕೆ ನಿಂತಿತು.

32-ಬಿಟ್ ಇನ್ನೂ ಕೈಬಿಡದ ಓಎಸ್‌ಗಳಲ್ಲಿ ಓಪನ್‌ಬಿಎಸ್‌ಡಿ, ನೆಟ್‌ಬಿಎಸ್‌ಡಿ, ಹೈಕು ಇವೆ. ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಕೂಡ ಇದೆ. ನಿಮಗೆ ನಾನು ಓಪನ್‌ಬಿಎಸ್‌ಡಿ ಹೇಳುತ್ತೇನೆ. ವರ್ಷಕ್ಕೆ ಎರಡು ಬಿಡುಗಡೆ, ನಡುವೆ ಪರೀಕ್ಷೆಗೆಂದು ಹೊರಡಿಸುವ ಸ್ನ್ಯಾಪ್‌ಶಾಟ್‌ಗಳು. ಸ್ನ್ಯಾಪ್‌ಶಾಟ್ ಹಾಕಿ, ಬೂಟ್ ಆದಾಗ ಕರ್ನಲ್ ಬರೆದಿಡುವ ‘ಡಿಮೆಸೇಜ್’ ಲಾಗನ್ನು ಇದ್ದ ಹಾಗೇ ಅವರಿಗೆ ಮೇಲ್ ಮಾಡಿದರೆ ಅದೇ ಒಂದು ಕೆಲಸ. ಅದಕ್ಕೆಂದೇ ವಿಳಾಸ ಇಟ್ಟಿದ್ದಾರೆ. ಎಲ್ಲ ಸರಿಯಾಗಿ ನಡೆದರೂ ಕಳಿಸಿ. ಜನ ಕೆಟ್ಟಾಗ ಮಾತ್ರ ಬರೆಯುತ್ತಾರೆ. ಯಾರೂ ಬರೆಯದ ಹಾರ್ಡ್‌ವೇರ್ ಯಾರ ಬಳಿಯೂ ಇಲ್ಲ ಅಂತ ಲೆಕ್ಕಕ್ಕೆ ಹೋಗುತ್ತೆ.

ದಾವಣಗೆರೆ, ಎಂಸಿಸಿ ‘ಬಿ’ ಬ್ಲಾಕ್

ಬೇಜಾರಾಗ್ಬೇಡ್ರಿ, ಪೆಂಟಿಯಂ 4 ಯಾಕ್ರೀ? ಅದರ ಪ್ರೆಸ್ಕಾಟ್ ಮಾದರಿ ಚಿಪ್ ಒಂದೇ 84ರಿಂದ 115 ವಾಟ್ ಕುಡಿಯುತ್ತೆ, ಎನ್270 ಎರಡೂವರೆ ವಾಟ್. ನೆಟ್‌ಬುಕ್ ಇಟ್ಕೊಂಡು ಡೆಸ್ಕ್‌ಟಾಪ್ ಬಿಡ್ರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತ ಮೇಲೆ ಕೋರ್ 2 ಡ್ಯುಯೋ, ಐ3 ಮಷಿನ್ ಬೇಕಾದಷ್ಟು ಸಿಗ್ತಾವೆ. ಜನ ನಿಜವಾಗ್ಲೂ ಲಿನಕ್ಸ್ ಹಾಕ್ಕೊಳ್ಳೋದು ಅವಕ್ಕೆ.

ಸರ್ವಿಸ್ ಅಂಗಡಿಯವ, ಅಶೋಕ ರಸ್ತೆ

ಕರೆಂಟಿನ ಮಾತು ಖರೆ. ಆದ್ರೆ ಕೋರ್ 2 ಡ್ಯುಯೋ ಟೆಸ್ಟ್ ಮಾಡೋಕೆ ಸಾವಿರ ಜನ ಇದಾರೆ ಬಿಡ್ರಿ.

ಹೊಳಲ್ಕೆರೆ

ರಿಪೋರ್ಟ್ ಬರೆಯೋದರ ಬಗ್ಗೆ ನಂದೆರಡು ಮಾತು. ‘ಬೂಟ್ ಆಗ್ಲಿಲ್ಲ’ ಅಂದ್ರೆ ಏನೂ ಹೇಳಿದಂಗಲ್ಲ. ನನ್ನ ನೆಟ್‌ಬುಕ್ ಮುಚ್ಚಳ ಮುಚ್ಚಿ ತೆಗೆದ್ರೆ ಪರದೆ ಕಪ್ಪಾಗಿಯೇ ಉಳಿತಿತ್ತು. ಸತ್ತೇಹೋಯ್ತು ಅನ್ಕೊಂಡು ಪವರ್ ಬಟನ್ ಒತ್ತಿ ಹಿಡಿಯೋದೇ ಅಭ್ಯಾಸ ಆಗಿತ್ತು. ಒಂದು ದಿನ ಸುಮ್ನೆ ಕ್ಯಾಪ್ಸ್ ಲಾಕ್ ಒತ್ತಿದೆ, ದೀಪ ಹತ್ತಿತು. ಮತ್ತೆ ಒತ್ತಿದೆ, ಆರಿತು. ಅಂದ್ರೆ ಕರ್ನಲ್ ಜೀವಂತ ಇದೆ, ಎದ್ದಿಲ್ಲದ್ದು ಡಿಸ್‌ಪ್ಲೇ ಮಾತ್ರ! ಇನ್ನೊಂದು ಮಷಿನ್‌ನಿಂದ ನೆಟ್‌ವರ್ಕ್ ಮೇಲೆ ಲಾಗಿನ್ ಆಗಿ ಲಾಗ್ ಎತ್ಕೊಂಡೆ. ಅದೇ ದೀಪ ನಾವು ಒತ್ತದೇ ತಾನಾಗೇ ಮಿಣುಕ್ತಾ ಇದ್ರೆ ಪ್ಯಾನಿಕ್ ಆಗಿದೆ ಅಂತರ್ಥ. ಕ್ಯಾಪ್ಸ್ ಲಾಕ್ ದೀಪ ಹತ್ತಿ ಆರುತ್ತೆ ಅಂತ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆದದ್ದಕ್ಕೆ ಗ್ರಾಫಿಕ್ಸ್ ಡ್ರೈವರ್ ನೋಡ್ಕೊಳ್ಳೋರು ಮಾರನೇ ದಿನವೇ ಉತ್ತರ ಕೊಟ್ರು.

ಅವರು ಖಂಡಿತ ಕೇಳೋದು: ಹಿಂದಿನ ಕರ್ನಲ್‌ನಲ್ಲಿ ಸರಿ ಇತ್ತಾ? ಇತ್ತು ಅಂದ್ರೆ ‘ಗಿಟ್ ಬೈಸೆಕ್ಟ್’ ಮಾಡಿ ಅಂತಾರೆ. ಹೆದರಬೇಡಿ. ಒಂದು ಆವೃತ್ತಿಗೂ ಮುಂದಿನದಕ್ಕೂ ನಡುವೆ ಹತ್ತು ಸಾವಿರಕ್ಕೂ ಮಿಕ್ಕಿ ಬದಲಾವಣೆ ಇರ್ತಾವೆ, ಅರ್ಧ ಅರ್ಧ ಕತ್ತರಿಸ್ತಾ ಹೋದ್ರೆ ಹದಿನಾಲ್ಕು ಸಲ ಬೂಟ್ ಮಾಡೋದ್ರಲ್ಲಿ ಕೆಟ್ಟದ್ದು ಸಿಕ್ಕಿಬೀಳುತ್ತೆ. ಕರ್ನಲ್ ಕಂಪೈಲ್ ಮಾತ್ರ ವೇಗದ ಮಷಿನ್‌ನಲ್ಲಿ ಮಾಡ್ಕೊಂಡು ತನ್ನಿ. ಎನ್270ರಲ್ಲಿ ಕೂತ್ರೆ ಹಬ್ಬ ಬಂದು ಹೋಗುತ್ತೆ.

ಶಿಕ್ಷಕಿ, ದಾವಣಗೆರೆ

ಒಂದು ಕೆಲಸ ನಮ್ಮಂಥವರೇ ಮಾಡಬೇಕು. ಕನ್ನಡ ಭಾಷೆ ಆರಿಸಿ ಇನ್‌ಸ್ಟಾಲ್ ಮಾಡಿ ನೋಡಿ. ಡೆಬಿಯನ್‌ನಲ್ಲಾದರೆ ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಮಾತ್ರ ಕನ್ನಡ ಬರುತ್ತೆ, ಅಕ್ಷರ ಸಾಲಿನ ಇನ್‌ಸ್ಟಾಲರ್‌ನಲ್ಲಿ ಬರಲ್ಲ. ನಾನು ಪ್ರತಿ ಓಎಸ್‌ನಲ್ಲೂ ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಅರ್ಕಾವತಿ’ ಟೈಪ್ ಮಾಡ್ತೀನಿ. ಒತ್ತಕ್ಷರ, ಅರ್ಕಾವೊತ್ತು ಸರಿ ಕೂತ್ರೆ ಪಾಸು. ಒಂದ್ಸಲ ಹಗುರ ಓಎಸ್ ಒಂದರಲ್ಲಿ ಬರೀ ಚೌಕಡಬ್ಬಿಗಳು ಬಂದಿದ್ವು, ಗುಬ್ಬಿ ಫಾಂಟ್ ಹಾಕಿದ ಮೇಲೆ ಸರಿಹೋಯ್ತು. ಕೀಬೋರ್ಡ್ ಪಟ್ಟಿಯಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ) ಲೇಔಟ್ ಇದೆಯಾ ಅಂತಾನೂ ನೋಡಿ. ಈ ತಪ್ಪು ಕನ್ನಡ ಓದಲು ಬಾರದ ಡೆವಲಪರ್ ಕಣ್ಣಿಗೆ ಬೀಳೋದೇ ಇಲ್ಲ.

ಕೇಳಿದವನು, ನಿಟ್ಟುವಳ್ಳಿ (ನಾಲ್ಕು ದಿನ ಬಿಟ್ಟು)

ಎಲ್ಲರಿಗೂ ಥ್ಯಾಂಕ್ಸ್. ಡೆಸ್ಕ್‌ಟಾಪ್‌ನಲ್ಲಿ ಎರಡು ಕೆಪಾಸಿಟರ್ ಉಬ್ಬಿವೆ, ಅದನ್ನ ಬಿಟ್ಟೆ. ನೆಟ್‌ಬುಕ್ ಮೆಮ್‌ಟೆಸ್ಟ್ ಪಾಸಾಯ್ತು. ಆಂಟಿಎಕ್ಸ್ ಹಾಕಿದೆ, ಆದ್ರೆ ಅಪ್‌ಡೇಟ್ ಕೊಟ್ರೆ ರಿಲೀಸ್ ಫೈಲ್ ‘ಇನ್ನೂ ಜಾರಿಗೆ ಬಂದಿಲ್ಲ’ ಅಂತ ಎರರ್. ಬ್ರೌಸರ್‌ನಲ್ಲಿ ಒಂದು ಸೈಟೂ ತೆಗೀತಿಲ್ಲ, ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತೆ. ಇದು ಬಗ್ಗಾ?

ಸರ್ವಿಸ್ ಅಂಗಡಿಯವ, ಅಶೋಕ ರಸ್ತೆ

ಬಂದ್ಯಾ! ಮೂಲೆಯಲ್ಲಿರೋ ತಾರೀಖು ನೋಡು.

ಕೇಳಿದವನು

1 ಜನವರಿ 2008. ಗಡಿಯಾರ ನಡೆಸೋ ಸೆಲ್ ಸತ್ತಿದ್ದಕ್ಕೇ ಈ ಎರರ್‌ಗಳು! ಹೊಸ ಸೆಲ್ ತರೋಕೆ ಹೊರಟೆ ಅಣ್ಣಾ.